ತೊಟ್ಟಿ ಹೋಯಿತು, ಎಣ್ಣೆ ಉಳಿಯಿತು

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿರುವ ನಾವು ಮನೆ ಕೊಳ್ಳುವಾಗ ಕ್ರಯಪತ್ರ ನೋಡುತ್ತೇವೆ, ಸಾಲಸೋಲಗಳ ವಿವರ ನೋಡುತ್ತೇವೆ, ವಾಸ್ತುವನ್ನೂ ನೋಡುತ್ತೇವೆ. ಆ ನೆಲದಲ್ಲಿ ಹಿಂದೆ ಏನಿತ್ತೆಂದು ಕೇಳುವವರು ಅಪರೂಪ. ಅಲ್ಲಿ ಪೆಟ್ರೋಲ್ ಬಂಕೊಂದು ಇದ್ದು ಮುಚ್ಚಿಹೋಗಿದ್ದರಂತೂ ಅದು ಕೇಳಲೇಬೇಕಾದ ಪ್ರಶ್ನೆ. ಬಂಕಿನ ಎಣ್ಣೆ ತೊಟ್ಟಿ ಕಣ್ಣಿಗೆ ಬೀಳದಂತೆ ನೆಲದಡಿ ಇರುತ್ತದೆ. ಉಕ್ಕಿನ ತೊಟ್ಟಿಗೆ ತುಕ್ಕು ಹಿಡಿಯುತ್ತದೆ. ಕೊಳವೆಗಳ ಜೋಡಣೆಗಳು ಸಡಿಲುತ್ತವೆ. ಸೋರಿದ್ದು ಮಣ್ಣಿಗೆ, ಮಣ್ಣಿನಿಂದ ಅಂತರ್ಜಲಕ್ಕೆ ಇಳಿಯುತ್ತದೆ. ತೊಟ್ಟಿಯನ್ನು ಕಿತ್ತೊಯ್ದ ಮಾತ್ರಕ್ಕೆ ಅದು ತೊಲಗುವುದಿಲ್ಲ.

ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ದ್ರವ್ಯವಿದೆ. ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲುದೆಂಬುದು ವೈದ್ಯಶಾಸ್ತ್ರ ಒಪ್ಪಿದ ಮಾತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 10 ಮೈಕ್ರೋಗ್ರಾಮ್, ಅಂದರೆ ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲು, ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಪೆಟ್ರೋಲಿನಲ್ಲಿ ಗಾತ್ರದಲ್ಲಿ ಶೇಕಡಾ 1ರವರೆಗೆ ಬೆಂಜೀನ್ ಇರಬಹುದು. ಒಂದು ಲೀಟರ್ ಪೆಟ್ರೋಲಿನಲ್ಲಿ ಇರಬಹುದಾದ ಅಷ್ಟು ಬೆಂಜೀನೂ ನೀರಿಗಿಳಿದರೆ, 8 ಲಕ್ಷ ಲೀಟರಿಗೂ ಮಿಕ್ಕ ನೀರು ಆ ಮಿತಿಯನ್ನು ಮುಟ್ಟುವುದೆಂದು ಲೆಕ್ಕ ಹೇಳುತ್ತದೆ. ಒಂದಷ್ಟು ಆವಿಯಾಗುತ್ತದೆ, ಒಂದಷ್ಟನ್ನು ಮಣ್ಣಿನ ಸೂಕ್ಷ್ಮಜೀವಿಗಳು ಅರಗಿಸುತ್ತವೆ, ನಿಜ. ಆದರೂ ಲೆಕ್ಕ ಎಚ್ಚರಿಸುವಂಥದೇ.

ಇದರ ತನಿಖೆ ಮೊದಲಾಗುವುದು ಹಳೆಯ ಕಡತಗಳಲ್ಲಿ. ಎಷ್ಟು ತೊಟ್ಟಿ, ಎಲ್ಲಿ, ಯಾವ ವರ್ಷ ಹೂಳಿದ್ದು ಎಂಬುದನ್ನು ನಕ್ಷೆಗಳಿಂದ ತಿಳಿಯುತ್ತಾರೆ. ಅಳತೆಕೋಲು ಇಳಿಬಿಟ್ಟು ಬರೆದಿಟ್ಟ ದಾಸ್ತಾನು ಪುಸ್ತಕವನ್ನು ತಿರುವುತ್ತಾರೆ. ಬಂದದ್ದು, ಮಾರಿದ್ದು, ಉಳಿದದ್ದು ತಾಳೆಯಾಗದೆ ತಿಂಗಳುಗಟ್ಟಲೆ ಕೊರತೆಯೇ ಕಂಡರೆ, ಅದು ನೆಲ ಕುಡಿದ ಪಾಲಿರಬಹುದು. ಆಮೇಲೆ ತೊಟ್ಟಿಯನ್ನು ಬರಿದುಮಾಡಿ, ಒಳಗಿನ ಆವಿ ಹೊತ್ತಿಕೊಳ್ಳದಂತೆ ಹೊರಹಾಕಿ ಮೇಲೆತ್ತುತ್ತಾರೆ. ತೊಟ್ಟಿಯ ತಳದಲ್ಲಿಯೂ ಕೊಳವೆ ಹಾದ ದಾರಿಯಲ್ಲಿಯೂ ಬೇರೆ ಬೇರೆ ಆಳಕ್ಕೆ ಕೊರೆದು ಮಣ್ಣು ತೆಗೆದು, ಆವಿ ಹಾರದಂತೆ ಒಡನೆ ಮುಚ್ಚಿ, ತಂಪಿನಲ್ಲಿಟ್ಟು ಪ್ರಯೋಗಶಾಲೆಗೆ ಕಳಿಸುತ್ತಾರೆ.

ನೀರಿನ ತನಿಖೆ ಇನ್ನೂ ಸೂಕ್ಷ್ಮ. ಅಂತರ್ಜಲ ಯಾವ ಕಡೆ ಹರಿಯುತ್ತದೆಂದು ತಿಳಿಯಲು ಒಂದು ಬಾವಿ ಸಾಲದು; ಒಂದೇ ಸಾಲಿನಲ್ಲಿಲ್ಲದ ಮೂರಾದರೂ ಬೇಕು. ಅವುಗಳ ನೀರಿನ ಮಟ್ಟ ಹೋಲಿಸಿ ಇಳಿಜಾರನ್ನು ಗೊತ್ತುಮಾಡುತ್ತಾರೆ. ಪೆಟ್ರೋಲ್ ನೀರಿಗಿಂತ ಹಗುರ. ಅಂತರ್ಜಲದ ಮೇಲೆ ಕೆನೆಯಂತೆ ತೇಲುತ್ತದೆ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಎಣ್ಣೆಯೂ ಇಳಿದು ಮಣ್ಣಿಗೆ ಮೆತ್ತಿಕೊಳ್ಳುತ್ತದೆ. ಮಳೆ ಬಂದು ನೀರೇರಿದಾಗ ಆ ಮಣ್ಣು ಮುಳುಗಿ ಬೆಂಜೀನ್ ಮತ್ತೆ ಕರಗುತ್ತದೆ. ಆದಕಾರಣ ಮಳೆಗಾಲಕ್ಕೆ ಮುಂಚೆ ಒಮ್ಮೆ, ಬಳಿಕ ಒಮ್ಮೆ ಪರೀಕ್ಷಿಸಬೇಕು. ಪುಣೆಯ ಬಸಾಲ್ಟ್, ಹೈದರಾಬಾದಿನ ಗ್ರಾನೈಟ್ ಬಂಡೆಗಳಲ್ಲಿ ನೀರು ಬಿರುಕುಗಳ ದಾರಿ ಹಿಡಿಯುವುದರಿಂದ, ಹತ್ತಿರದ ಬಾವಿ ಚೆನ್ನಾಗಿದ್ದು ದೂರದ ಬಾವಿ ಕೆಡುವುದೂ ಉಂಟು.

ಹವಾಯಿಯ ಪರ್ಲ್ ಹಾರ್ಬರ್ ಬಳಿ ರೆಡ್ ಹಿಲ್ ಎಂಬ ಗುಡ್ಡದೊಳಗೆ ಅಮೆರಿಕದ ನೌಕಾಪಡೆ 1940ರಿಂದ 1943ರ ನಡುವೆ 20 ಭಾರಿ ತೊಟ್ಟಿಗಳನ್ನು ಕಟ್ಟಿತು. ಕುಡಿಯುವ ನೀರಿನ ಸೆಲೆ ಅವುಗಳಿಂದ ಸುಮಾರು 100 ಅಡಿ ಕೆಳಗೆ. 2014ರಲ್ಲಿ ಒಂದು ತೊಟ್ಟಿಯಿಂದ ಸುಮಾರು 27,000 ಗ್ಯಾಲನ್ ಸೋರಿತು. 2021ರ ನವೆಂಬರಿನಲ್ಲಿ ಮತ್ತೆ ಸೋರಿದ ಎಣ್ಣೆ, ಸುಮಾರು 93,000 ಜನರಿಗೆ ನೀರೊದಗಿಸುವ ವ್ಯವಸ್ಥೆಯನ್ನೇ ಸೇರಿತು. ನಲ್ಲಿಯ ನೀರು ಎಣ್ಣೆ ನಾರುತ್ತದೆಂದು ಮನೆಮನೆಗಳಿಂದ ದೂರು ಬಂದುವು. 2022ರ ಮಾರ್ಚಿನಲ್ಲಿ ಅದನ್ನು ಮುಚ್ಚುವ ನಿರ್ಧಾರವಾಯಿತು. ತೊಟ್ಟಿಗಳು ಬರಿದಾದ ಮೇಲೂ ಕೆಳಗಿನ ನೀರಿನ ಪರೀಕ್ಷೆ ನಿಲ್ಲಲಿಲ್ಲ.

ದೂರದೇಶದ ಸುದ್ದಿಯೆಂದು ನಾವು ಸುಮ್ಮನಿರುವಂತಿಲ್ಲ. 2013ರಲ್ಲಿ ಚೆನ್ನೈನ ತಂಡೈಯಾರ್‌ಪೇಟೆಯಲ್ಲಿ ನೆಲದಡಿಯ ಎಣ್ಣೆ ಕೊಳವೆ ಸೋರಿ, ನಿವಾಸಿಗಳ ಬಾವಿಗಳಲ್ಲಿ ಎಣ್ಣೆ ಕಾಣಿಸಿಕೊಂಡಿತು. ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರಲ್ಲಿ ನಿಯಮಗಳನ್ನು ಹೊರಡಿಸಿದೆ. ನೆಲ ಕೆಡಿಸಿದವರೇ ಶುದ್ಧಿಯ ವೆಚ್ಚ ಹೊರಬೇಕೆಂಬುದು ಅದರ ತಿರುಳು.

ಗೃಹಸ್ಥರಿಗೆ ಕೆಲವು ಮಾತು. ಕೊಳವೆಬಾವಿಯ ನೀರು ಪೆಟ್ರೋಲ್ ಅಥವಾ ಸೀಮೆಎಣ್ಣೆ ನಾರಿದರೆ ಕುಡಿಯಬಾರದು, ಅಡಿಗೆಗೂ ಬಳಸಬಾರದು. ಕುದಿಸಿದರೆ ಸರಿಹೋದೀತೆಂದು ಒಲೆಯ ಮೇಲಿಡಲೂ ಬಾರದು. ಆವಿ ಮನೆಯೊಳಗೆ ಹರಡುತ್ತದೆ, ಹೊತ್ತಿಕೊಳ್ಳಲೂಬಹುದು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಟ್ಟು ನಕಲು ಇಟ್ಟುಕೊಳ್ಳಬೇಕು. ನೀರನ್ನು ಪರೀಕ್ಷೆಗೆ ಕಳಿಸುವಾಗ ಬೆಂಜೀನ್ ಪರೀಕ್ಷೆಯಾಗಬೇಕೆಂದು ಹೆಸರಿಟ್ಟು ಬರೆಯಬೇಕು. ಗಡಸುತನ, ಲವಣ, ರೋಗಾಣುಗಳನ್ನಷ್ಟೇ ನೋಡುವ ಸಾಮಾನ್ಯ ಪರೀಕ್ಷೆಯಲ್ಲಿ ಅದು ಪತ್ತೆಯಾಗುವುದಿಲ್ಲ. ಹಳೆಯ ಬಂಕಿನ ಜಾಗದಲ್ಲಿ ಮನೆ ಕೊಳ್ಳುವವರು, ತೊಟ್ಟಿ ತೆಗೆದಾಗಿನ ಮಣ್ಣು ಮತ್ತು ನೀರಿನ ವರದಿಯನ್ನು ಮುಂಗಡ ಕೊಡುವ ಮೊದಲೇ ಕೇಳಿ ಪಡೆಯುವುದು ಲೇಸು.