ಕಂಬದಿಂದ ಇಳಿದು ಬಂದ ನರಿಗಳು

ಪ್ರಾಣಿಗಳು ಮಾತಾಡುವ ಸಚಿತ್ರ ಪುಸ್ತಕವೆಂದರೆ ಇಂದು ಮಕ್ಕಳ ಸ್ವತ್ತು. ಮಲಪ್ರಭೆಯ ಸೀಮೆಯಲ್ಲಿ ಅದು ಬೆಳೆದ ಬಗೆ ಮಾತ್ರ ತಲೆಕೆಳಗು: ಮೊದಲು ಬಂದದ್ದು ಚಿತ್ರ, ಸುಮಾರು ಮುನ್ನೂರು ವರ್ಷದ ಮೇಲೆ ಪುಸ್ತಕ, ಎಲ್ಲಕ್ಕಿಂತ ಕಡೆಗೆ ಮಕ್ಕಳು.

ಹುನಗುಂದದಿಂದ ಅಮೀನಗಡಕ್ಕೆ ಬಂದು, ಕರದಂಟಿನ ಅಂಗಡಿಗಳನ್ನು ದಾಟಿ, ಐಹೊಳೆಯ ಹಾದಿ ಹಿಡಿದರೆ ಮುಂದೆ ಸಿಗುವುದು ಪಟ್ಟದಕಲ್ಲು. ಅಲ್ಲಿ ಎಲ್ಲರ ಕಾಲೂ ಮೊದಲು ಎಳೆಯುವುದು ವಿರೂಪಾಕ್ಷನ ಗುಡಿಯತ್ತ. ಅದನ್ನು ಕಟ್ಟಿಸಿದವಳು ಲೋಕಮಹಾದೇವಿ. ಪಕ್ಕದಲ್ಲೇ ಅದೇ ಮೈಕಟ್ಟಿನ, ತುಸು ಚಿಕ್ಕದಾದ ಮಲ್ಲಿಕಾರ್ಜುನ ಗುಡಿಯಿದೆ. ಅದು ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ಇಬ್ಬರೂ ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನ ರಾಣಿಯರು. ಗಂಡ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಅಕ್ಕತಂಗಿಯರು 740ರ ಆಸುಪಾಸಿನಲ್ಲಿ ಎಬ್ಬಿಸಿದ ಗುಡಿಗಳಿವು.

ತಂಗಿಯ ಗುಡಿಯೊಳಗೆ ಹೋಗಿ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ನಿಲ್ಲಬೇಕು. ಕಂಬಗಳ ಮೈಮೇಲೆ ಭಾರತ, ಭಾಗವತಗಳ ಪ್ರಸಂಗಗಳ ಜೊತೆಗೆ ಪಂಚತಂತ್ರದ ಕತೆಗಳೂ ಕಾಣುತ್ತವೆ. ದೇವರು, ವೀರರ ಸಾಲಿನಲ್ಲಿ ಕಾಡಿನ ಮೃಗಗಳಿಗೂ ಶಿಲ್ಪಿ ಜಾಗ ಕೊಟ್ಟಿದ್ದಾನೆ. ಕಂಬದ ಪಟ್ಟಿಕೆಯಲ್ಲಿ ಹಿಡಿಸುವುದು ಕತೆಯ ಒಂದೆರಡು ಗಳಿಗೆ ಮಾತ್ರ. ಹಿಂದೇನಾಯಿತು, ಮುಂದೇನಾಗುತ್ತದೆ ಎಂಬುದನ್ನು ನೋಡುವವನೇ ತುಂಬಿಕೊಳ್ಳಬೇಕು. ಹಾಗೆ ತುಂಬಿಕೊಳ್ಳಬಲ್ಲ ಜನ ಆಗಲೇ ಈ ಸೀಮೆಯಲ್ಲಿದ್ದರು ಎಂದಲ್ಲವೇ ಇದರ ಅರ್ಥ? ಇಲ್ಲದಿದ್ದರೆ ಉಳಿಪೆಟ್ಟು ದಂಡ.

ಅದೇ ಹೊತ್ತಿಗೆ, 750ರ ಸುಮಾರಿಗೆ, ಇರಾಕಿನ ಬಸ್ರಾದಲ್ಲಿ ಇಬ್ನ್ ಅಲ್-ಮುಖಫ್ಫಾ ಎಂಬ ಪಾರಸೀಕ ಮೂಲದ ಲೇಖಕ ಇದೇ ಕತೆಗಳನ್ನು ಪಹ್ಲವಿ ಭಾಷೆಯಿಂದ ಅರಬ್ಬಿಗೆ ತರುತ್ತಿದ್ದ. ನಮ್ಮ ಕರಟಕ, ದಮನಕರೆಂಬ ನರಿಗಳು ಅಲ್ಲಿ ಕಲೀಲಾ, ದಿಮ್ನಾ ಆದವು. ಬಗೆಬಗೆಯ ಬಣ್ಣದಲ್ಲಿ ಪ್ರಾಣಿಗಳ ಚಿತ್ರ ಬರೆದರೆ ಅರಸರ ಮನಸ್ಸಿಗೆ ಹಿತವಾಗುತ್ತದೆ ಎಂದು ಅವನು ಮುನ್ನುಡಿಯಲ್ಲೇ ಹೇಳಿದ. 13ನೆಯ ಶತಮಾನದ ಹೊತ್ತಿಗೆ ಆ ಪುಸ್ತಕದ ಬಣ್ಣದ ಹಸ್ತಪ್ರತಿಗಳು ಸಿದ್ಧವಾಗಿದ್ದವು. ಅವನು ಕಾಗದದ ಮೇಲೆ ಬಯಸಿದ್ದನ್ನು ಮಲಪ್ರಭೆಯ ದಂಡೆಯವರು ಕಲ್ಲಿನ ಮೇಲೆ ಬಿಡಿಸಿಯಾಗಿತ್ತು.

ಕನ್ನಡದಲ್ಲಿ ಪುಸ್ತಕ ಬಂದದ್ದು 1031ರಲ್ಲಿ. ಬರೆದವನು ದುರ್ಗಸಿಂಹ. ಪಂಚತಂತ್ರ ಭಾರತದ ದೇಶಭಾಷೆಯೊಂದಕ್ಕೆ ಬಂದದ್ದು ಇವನಿಂದಲೇ ಮೊದಲು. ತನ್ನ ಊರು ಕಿಸುಕಾಡುನಾಡಿನ ಸಯ್ಯಡಿ ಎಂದು ಅವನು ಹೇಳಿಕೊಳ್ಳುತ್ತಾನೆ. ಅದು ಗದಗ ಜಿಲ್ಲೆ ರೋಣ ತಾಲ್ಲೂಕಿನ ಇಂದಿನ ಸವಡಿ ಎಂದು ಗುರುತಿಸಲಾಗಿದೆ. ಕಿಸು ಎಂದರೆ ಕೆಂಪು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲು, ಕೆಂಪು ಪಟ್ಟಣ. ಎಪ್ಪತ್ತು ಊರುಗಳ ಕಿಸುಕಾಡುನಾಡಿಗೆ ಅದೇ ಮುಖ್ಯ ಊರು. ಕಂಬದ ಮೇಲೆ ಪ್ರಾಣಿಗಳಿದ್ದ ನಾಡಿನವನೇ ಅವುಗಳ ಬಾಯಿಗೆ ಕನ್ನಡ ಕೊಟ್ಟ. ಅವನು ಆ ಗುಡಿಯೊಳಗೆ ನಿಂತು ನೋಡಿದ್ದನೆಂದು ಸಾಧಿಸಲು ಸಾಕ್ಷಿ ಬೇಕು. ನೋಡಿರಬಹುದೆಂದು ನಂಬಲು ನಕ್ಷೆ ಸಾಕು.

ದುರ್ಗಸಿಂಹನ ಕೆಲಸ ಸಂಧಿವಿಗ್ರಹಿಯದು. ಯಾರೊಡನೆ ಒಪ್ಪಂದ, ಯಾರೊಡನೆ ಕದನ ಎಂದು ತೂಗುವ ಮಂತ್ರಿ. ಅವನ ದೊರೆ ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹ. ತೆಂಕಣದಲ್ಲಿ ರಾಜೇಂದ್ರ ಚೋಳ, ಬಡಗಣದಲ್ಲಿ ಮಾಳವದ ಭೋಜ: ಎರಡೂ ಕಡೆ ಬೆಂಕಿ. ಇಂಥವನ ಕೈಗೆ ಸಿಂಹ, ಎತ್ತು, ನರಿಗಳ ಕತೆ ಸಿಕ್ಕಿತು. ಪಿಂಗಳಕನೆಂಬ ಸಿಂಹಕ್ಕೂ ಸಂಜೀವಕನೆಂಬ ಎತ್ತಿಗೂ ಗೆಳೆತನ. ಅರಸನ ಬಳಿ ತನ್ನ ಬೇಳೆ ಬೇಯದ ದಮನಕನೆಂಬ ನರಿ ಇವನ ಕಿವಿಯಲ್ಲೊಂದು, ಅವನ ಕಿವಿಯಲ್ಲೊಂದು ಊದಿ ಇಬ್ಬರನ್ನೂ ಕಾದಾಡಿಸುತ್ತದೆ. ಎತ್ತು ಸಾಯುತ್ತದೆ. ಇಂಥ ನರಿಗಳನ್ನು ದುರ್ಗಸಿಂಹ ದಿನವೂ ಆಸ್ಥಾನದಲ್ಲಿ ಕಂಡಿರಬೇಕು. ಅವನ ಐದು ತಂತ್ರಗಳ ಹೆಸರು ಭೇದ, ಪರೀಕ್ಷಾ, ವಿಶ್ವಾಸ, ವಂಚನಾ, ಮಿತ್ರಕಾರ್ಯ. ಬಾಲಬೋಧೆಗಿಂತ ಮಂತ್ರಿಯ ದಿನಚರಿಗೆ ಹೊಂದುವ ಪಟ್ಟಿ. ಬರಹದ ಬಗೆ ಗದ್ಯಪದ್ಯ ಬೆರೆತ ಚಂಪು, ಪಂಪನ ದಾರಿ. ನರಿಯ ಕತೆಯೆಂದು ಭಾಷೆಯನ್ನು ಅವನು ಅಗ್ಗ ಮಾಡಲಿಲ್ಲ.

ನಮಗೆಲ್ಲ ಪಂಚತಂತ್ರವೆಂದರೆ ವಿಷ್ಣುಶರ್ಮ. ದುರ್ಗಸಿಂಹ ಹಿಡಿದದ್ದು ಬೇರೆ ಕವಲು, ವಸುಭಾಗ ಭಟ್ಟನದು. ಆ ಸಂಸ್ಕೃತ ಮೂಲ ಇಂದು ಕಳೆದುಹೋಗಿದೆ. ಹಾಗಾಗಿ ಕನ್ನಡದ ಪುಸ್ತಕವೇ ಅದಕ್ಕೆ ದೊಡ್ಡ ಸಾಕ್ಷಿ. ಇಲ್ಲಿರುವ ಸುಮಾರು 60 ಕತೆಗಳಲ್ಲಿ 13 ಬೇರೆ ಕಡೆ ಸಿಗುವುದಿಲ್ಲ ಎಂಬುದು ವಿದ್ವಾಂಸರ ಎಣಿಕೆ. ಇದೇ ಕವಲು ಕಡಲು ದಾಟಿದ್ದನ್ನು ತೋರಿಸಿದವರು ವಿದ್ವಾಂಸ ಎ. ವೆಂಕಟಸುಬ್ಬಯ್ಯನವರು. ಜಾವಾ ದ್ವೀಪದ ತಂತ್ರಿ ಕಾಮಂದಕವೆಂಬ ಹಳೆಯ ಕೃತಿ ದುರ್ಗಸಿಂಹನ ಪುಸ್ತಕಕ್ಕೆ ದಾಯಾದಿ. ಆ ದ್ವೀಪದ ಮೆಂದುತ್ ಗುಡಿಯಲ್ಲೂ ಮೃಗಕತೆಗಳು ಕಲ್ಲಿಗೇರಿವೆ. ಕೋಲು ಕಚ್ಚಿಕೊಂಡ ಆಮೆಯನ್ನು ಹಂಸಗಳು ಅಲ್ಲಿ ಇಂದಿಗೂ ಹೊತ್ತುಕೊಂಡಿವೆ.

ಮಕ್ಕಳು ಎಲ್ಲಿ ಬಂದರು? ವಿಷ್ಣುಶರ್ಮನ ಶಿಷ್ಯರು ಮಕ್ಕಳೇ ಹೌದು. ಆದರೆ ಅರಸುಮಕ್ಕಳು, ಕಲಿಯಬೇಕಿದ್ದುದು ಆಳುವ ಬುದ್ಧಿ. ಕಟ್ಟೆಯ ಮೇಲೆ, ಒಲೆಯ ಮುಂದೆ, ಹಾಸಿಗೆಯಲ್ಲಿ ಕೇಳಿಸಿಕೊಂಡ ಮಕ್ಕಳಿಗೆ ಈ ಕತೆ ಹೇಳಿದವರು ಅಜ್ಜಿಯರು. ಅವರ ಬಾಯಲ್ಲಿ ರಾಜನೀತಿ ಉದುರಿ ನರಿ, ಮೊಸಳೆ, ಮಂಗ ಉಳಿದವು. ಅಚ್ಚಿನ ಕಾಲ ಬಂದ ಮೇಲೆ ಚಿತ್ರ ಮತ್ತೆ ಕೂಡಿಕೊಂಡಿತು. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾದ ‘ಚಂದಮಾಮ’ 1949ರಲ್ಲಿ ಕನ್ನಡಕ್ಕೆ ಬಂತು. ಕಾರ್ಕಳದ ಅನಂತ ಪೈ ಕಟ್ಟಿದ ‘ಅಮರ ಚಿತ್ರಕಥೆ’ ಪಂಚತಂತ್ರವನ್ನು ಚೌಕಟ್ಟು ಚೌಕಟ್ಟಾಗಿ ಬಿಡಿಸಿತು. ಕಂಬದ ಪಟ್ಟಿಕೆಯ ಹೊಸ ರೂಪವೇ ಆ ಚೌಕಟ್ಟು: ಒಂದು ಗಳಿಗೆ ಒಳಗೆ, ಉಳಿದದ್ದು ನೋಡುವವನ ಪಾಲಿಗೆ.

ಕಡೆಗೆ ಬಂದ ಮಕ್ಕಳು ಒಂದು ತಕರಾರು ಮಾತ್ರ ಬಿಡಲಿಲ್ಲ. ಹಳೆಯ ಪಂಚತಂತ್ರದಲ್ಲಿ ದಮನಕನಿಗೆ ಶಿಕ್ಷೆಯಿಲ್ಲ. ಎತ್ತು ಸತ್ತ ಮೇಲೂ ಅವನು ಅರಸನ ಮಗ್ಗುಲಲ್ಲೇ ಇರುತ್ತಾನೆ. ಆಸ್ಥಾನ ಬಲ್ಲವರಿಗೆ ಅದರಲ್ಲಿ ಅಚ್ಚರಿಯಿಲ್ಲ. ಬಸ್ರಾದ ಲೇಖಕನಿಗೆ ಅದನ್ನು ತಡೆಯಲಾಗಲಿಲ್ಲ; ದಿಮ್ನಾನನ್ನು ವಿಚಾರಣೆಗೆ ನಿಲ್ಲಿಸುವ ಹೊಸ ಅಧ್ಯಾಯವನ್ನೇ ಅವನ ಪುಸ್ತಕ ಸೇರಿಸಿಕೊಂಡಿತು. ಹುನಗುಂದದ ಮನೆಗಳಲ್ಲಿ ಆ ವಿಚಾರಣೆಗೆ ಅರಬ್ಬಿ ಬೇಕಿಲ್ಲ. ದೀಪ ಆರಿಸಿ, ಕತೆ ಮುಗಿಯಿತೆಂದು ಮುದುಕಿ ಮಗ್ಗುಲು ಬದಲಿಸುವಷ್ಟರಲ್ಲಿ ಕತ್ತಲೆಯಿಂದ ಸಣ್ಣ ದನಿಯೊಂದು ಏಳುತ್ತದೆ: “ಆಯಿ, ಮತ್ತ ಆ ನರಿಗೇನಾತು?”