ಕೃಷ್ಣೆಯ ನಡುವೆ ಒಂದು ಊರು: ಕುರವಪುರ

ಮಾಲಗಾಂವದಿಂದ ಹೊರಟು ಮಿರಜ ದಾಟಿದರೆ ಕೃಷ್ಣಾ ನದಿ. ಇದೇ ನದಿಯ ಗುಂಟ ಕೆಳಗೆ ಸಾಗಿದರೆ, ರಾಯಚೂರು ತಾಲ್ಲೂಕಿನಲ್ಲಿ ಸುತ್ತಲೂ ನೀರಿರುವ ಒಂದು ಊರು ಸಿಗುತ್ತದೆ. ಅದು ಕುರವಪುರ. ಜನ ಕುರುಗಡ್ಡಿ ಅಂತಲೂ ಕರೀತಾರೆ.

ನರಸೋಬಾವಾಡಿಗೆ ನಡೆದುಕೊಳ್ಳುವ ಮನೆತನಗಳಿಗೆ ಈ ಹೆಸರು ಗೊತ್ತೇ ಇರುತ್ತದೆ. ವಾಡಿಯಲ್ಲಿ ನೆಲೆಸಿದ್ದ ನರಸಿಂಹ ಸರಸ್ವತಿಗಳಿಗಿಂತ ಮೊದಲಿನ ದತ್ತಾವತಾರಿ ಎಂದು ಭಕ್ತರು ನಂಬುವ ಶ್ರೀಪಾದ ಶ್ರೀವಲ್ಲಭರು ತಪಸ್ಸು ಮಾಡಿದ ಸ್ಥಳವಿದು. ಅವರು ಹುಟ್ಟಿದ್ದು ಆಂಧ್ರದ ಪೀಠಾಪುರದಲ್ಲಿ.

ಆದರೆ ಗುಡಿ ನೋಡಿ ತಿರುಗಿ ಬರುವ ನಮಗೆ ಊರು ಕಾಣುವುದಿಲ್ಲ. ಇಲ್ಲಿ ಜನ ಬಾಳುತ್ತಾರೆ, ಉಳುತ್ತಾರೆ. ಹೊಳೆ ದಾಟಲು ತೆಪ್ಪ ಬೇಕು: ಬಿದಿರು ಹೆಣೆದು, ನೀರು ಒಳಗೆ ಬಾರದಂತೆ ಹೊದಿಕೆ ಹಾಕಿದ ದುಂಡನೆಯ ದೋಣಿ. ರೇಷನ್ ಬರುವುದೂ ಅದರಲ್ಲೇ, ಹೆರಿಗೆಗೆ ಹೋಗುವುದೂ ಅದರಲ್ಲೇ.

ಮಳೆಗಾಲ ಬಂತೆಂದರೆ ಕಥೆ ಬೇರೆ. ಸಹ್ಯಾದ್ರಿಯಲ್ಲಿ ಸುರಿದ ಮಳೆ ಕೊಯ್ನಾ, ಸಾಂಗ್ಲಿ, ಆಲಮಟ್ಟಿ, ನಾರಾಯಣಪುರ ದಾಟಿ, ದಾರಿಯಲ್ಲಿ ಭೀಮೆಯನ್ನೂ ಕೂಡಿಕೊಂಡು ಇಲ್ಲಿಗೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಸಾಂಗ್ಲಿಯ ಬೀದಿಗಳನ್ನು ಮುಳುಗಿಸಿದ ನೀರು ಮುಂದೆ ಇವರ ಕಡೆಗೇ ಹರಿಯಿತು. ನದಿ ಉಕ್ಕಿದಾಗ ತೆಪ್ಪ ಇಳಿಸುವಂತಿಲ್ಲ. ಆಗ ಜ್ವರ ಬಂದ ಮಗುವಿಗೂ ಆಸ್ಪತ್ರೆಗೂ ನಡುವೆ ಇಡೀ ಕೃಷ್ಣೆ.

ಎಂಥ ಪ್ರವಾಹಕ್ಕೂ ಮುಳುಗದ ಸೇತುವೆ ಇಂಥ ನಡುಗಡ್ಡೆಗಳಿಗೆ ಬೇಕೇ ಬೇಕು. ಯಾತ್ರಿಕರಿಗಿಂತ ಮೊದಲು, ಅಲ್ಲೇ ಬಾಳುವವರಿಗಾಗಿ.

ದರ್ಶನಕ್ಕೆ ಹೊರಟಿದ್ದೀರಾ? ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಿದ್ದಾರಾ ಅಂತ ವಿಚಾರಿಸಿಕೊಂಡೇ ತೆಪ್ಪ ಹತ್ತಿ. ಅಂಬಿಗರು ಬೇಡ ಅಂದರೆ ಹಟ ಮಾಡಬೇಡಿ.