ಮನೆಯಲ್ಲಿ ಓದಿದ ಬಾಲಕ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸಬೇಕೆನ್ನುವ ತಂದೆತಾಯಿಗಳು ಈಗ ನಮ್ಮ ನಗರಗಳಲ್ಲಿಯೂ ಅಲ್ಲಲ್ಲಿ ಇದ್ದಾರೆ. ಶಾಲೆಯ ಗಂಟೆ, ಪಠ್ಯ, ಪರೀಕ್ಷೆಗಳು ಮಗುವಿನ ಸಹಜ ಕುತೂಹಲವನ್ನು ಕುಂದಿಸುತ್ತವೆ ಎಂಬುದು ಅವರ ಆಕ್ಷೇಪ. ಈ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಶಾಲೆಯನ್ನು ಬಿಟ್ಟ ಮಾತ್ರಕ್ಕೆ ಮಗು ಸ್ವತಂತ್ರವಾಗುವುದೇ? ಇದನ್ನು ಯೋಚಿಸುವವರು ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ಲನ ಬಾಲ್ಯವನ್ನೊಮ್ಮೆ ನೋಡುವುದು ಒಳ್ಳೆಯದು.

ಮಿಲ್ 1806ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ. ತಂದೆ ಜೇಮ್ಸ್ ಮಿಲ್ ಮಗನನ್ನು ಶಾಲೆಗೆ ಸೇರಿಸದೆ ತಾನೇ ಗುರುವಾದ. ಮೂರನೆಯ ವರ್ಷಕ್ಕೆ ಗ್ರೀಕ್, ಎಂಟನೆಯ ವರ್ಷಕ್ಕೆ ಲ್ಯಾಟಿನ್ ಪ್ರಾರಂಭವಾದವು. ತಂದೆ ಆಗ ಬ್ರಿಟಿಷ್ ಇಂಡಿಯಾದ ಇತಿಹಾಸವನ್ನು ಬರೆಯುತ್ತಿದ್ದ; ಅದೇ ಮೇಜಿನ ಬಳಿ ಬಾಲಕನ ಪಾಠ ನಡೆಯುತ್ತಿತ್ತು. ಗ್ರೀಕ್ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳುವ ನಿಘಂಟು ಇರಲಿಲ್ಲ. ತಿಳಿಯದ ಒಂದೊಂದು ಪದವನ್ನೂ ಮಗ ತಂದೆಯನ್ನೇ ಕೇಳಬೇಕು. ಸ್ವಭಾವತಃ ತಾಳ್ಮೆಗೆಟ್ಟವನಾದ ತಂದೆ ಆ ಅಡ್ಡಿಯನ್ನೆಲ್ಲ ಸಹಿಸಿಕೊಂಡು ಉತ್ತರಿಸಬೇಕು. ಬೆಳಗಿನ ತಿರುಗಾಟದಲ್ಲಿ ಮಗ ಹಿಂದಿನ ದಿನ ಓದಿದ್ದನ್ನು ನಿರೂಪಿಸುತ್ತಿದ್ದ. ಅದು ಬರಿಯ ಬಾಯಿಪಾಠವಾಗಲು ತಂದೆ ಬಿಡುತ್ತಿರಲಿಲ್ಲ. ಯಾವ ಶಾಲೆ ಒಬ್ಬ ವಿದ್ಯಾರ್ಥಿಗೆ ಇಷ್ಟು ಗಮನ ಕೊಡಬಲ್ಲದು?

ಆದರೆ ಆ ಮನೆಯೊಳಗೆ ಗೆಳೆಯರಿರಲಿಲ್ಲ. ಇತರ ಹುಡುಗರ ಸಹವಾಸ ಹೆಚ್ಚಾಗದಂತೆ ತಂದೆ ಎಚ್ಚರ ವಹಿಸಿದ್ದ. 1826ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಮಿಲ್ ತನ್ನನ್ನೇ ಕೇಳಿಕೊಂಡ: ತಾನು ಬಯಸಿದ ಸುಧಾರಣೆಗಳೆಲ್ಲ ಈ ಕ್ಷಣವೇ ಕೈಗೂಡಿದರೆ ತನಗೆ ಸುಖವಾದೀತೇ? ಇಲ್ಲವೆಂದಿತು ಮನಸ್ಸು. ದೀರ್ಘವಾದ ಖಿನ್ನತೆ ಕವಿಯಿತು. ಬುದ್ಧಿಯನ್ನು ಅಷ್ಟೊಂದು ಸಾಣೆ ಹಿಡಿದ ಶಿಕ್ಷಣ ಭಾವವನ್ನು ಬೆಳೆಸಿರಲಿಲ್ಲ. 1828ರಲ್ಲಿ ವರ್ಡ್ಸ್‌ವರ್ತನ ಕವಿತೆಗಳನ್ನು ಓದಿದಾಗ ಅವನಿಗೆ ಬಹಳಷ್ಟು ಸಾಂತ್ವನ ದೊರೆಯಿತು. ಇದೆಲ್ಲವನ್ನೂ ಅವನೇ ಆತ್ಮಕಥೆಯಲ್ಲಿ ತಂದೆಯ ಮೇಲೆ ದ್ವೇಷವಿಲ್ಲದೆ ಹೇಳಿಕೊಂಡಿದ್ದಾನೆ.

ಇಂಥವನು 1859ರಲ್ಲಿ ಸ್ವಾತಂತ್ರ್ಯವನ್ನು ಕುರಿತು ಗ್ರಂಥ ಬರೆದಾಗ ಶಿಕ್ಷಣದ ಬಗ್ಗೆ ಏನೆಂದ? ಪ್ರತಿಯೊಂದು ಮಗುವಿಗೂ ಶಿಕ್ಷಣ ದೊರೆಯಲೇಬೇಕೆಂದು ಪ್ರಭುತ್ವ ವಿಧಿಸಲಿ; ಎಲ್ಲಿ, ಹೇಗೆ ಎಂಬುದನ್ನು ಪಾಲಕರಿಗೆ ಬಿಡಲಿ; ಬಡವರ ವೆಚ್ಚ ಭರಿಸಲಿ; ಮಗು ಕಲಿತಿದೆಯೇ ಎಂದು ಪರೀಕ್ಷಿಸಿ ನೋಡಲಿ ಎಂದ. ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕಹೊಯ್ಯುವ ಸರ್ಕಾರೀ ಶಿಕ್ಷಣದ ಭಯ ಅವನಿಗಿತ್ತು. ಅಂತೆಯೇ, ಮಗುವನ್ನು ತನ್ನ ಸೊತ್ತೆಂದು ತಿಳಿಯುವ ತಂದೆಯ ಭಯವೂ ಇತ್ತು. ಮುಂದೆ ಇಂಗ್ಲೆಂಡಿನ 1944ರ ಶಿಕ್ಷಣ ಕಾಯಿದೆ, ಮಗು ಶಾಲೆಗೆ ಹೋಗಿ ಕಲಿಯಲಿ ಅಥವಾ ಅನ್ಯಥಾ ಕಲಿಯಲಿ ಎಂದಿತು. ಅಲ್ಲಿಯ ಮನೆಪಾಠಕ್ಕೆ ಈ 'ಅನ್ಯಥಾ' ಎಂಬುದೇ ಆಧಾರ.

ನಮ್ಮ 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಇಂಥ ಪದವಿಲ್ಲ. ಆರರಿಂದ ಹದಿನಾಲ್ಕು ವಯಸ್ಸಿನ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಅದು ಹೇಳುತ್ತದೆ. ಸೇರಿಸದವರಿಗೆ ದಂಡನೆಯನ್ನು ಮಾತ್ರ ವಿಧಿಸಿಲ್ಲ. ಈ ಕಟ್ಟುಪಾಡಿಗೆ ನಮ್ಮಲ್ಲಿ ಕಾರಣವುಂಟು. ಮನೆಯಲ್ಲಿ ಕಲಿಯುವುದು ಈ ದೇಶಕ್ಕೆ ಹೊಸತಲ್ಲ. ವೈದಿಕನ ಮಗ ಮನೆಯಲ್ಲಿ ಮಂತ್ರ ಕಲಿತ, ಕುಂಬಾರನ ಮಗ ಮನೆಯಲ್ಲಿ ತಿಗರಿ ತಿರುಗಿಸಲು ಕಲಿತ. ಒಬ್ಬನ ವಿದ್ಯೆ ಇನ್ನೊಬ್ಬನ ಹೊಸಿಲು ದಾಟಲಿಲ್ಲ. ಹೆಣ್ಣುಮಗುವಿಗೆ ಅಕ್ಷರವೇ ಅಪರೂಪವಾಗಿತ್ತು. 1848ರಲ್ಲಿ ಪುಣೆಯಲ್ಲಿ ಫುಲೆ ದಂಪತಿಗಳು ಹೆಣ್ಣುಮಕ್ಕಳಿಗೆ ಶಾಲೆ ತೆರೆದದ್ದು, ಮನೆ ಕೊಡದೆ ಹೋದುದನ್ನು ಕೊಡುವುದಕ್ಕಾಗಿಯೇ.

ಆದುದರಿಂದ ಮನೆಪಾಠವನ್ನು ಆರಿಸಿಕೊಳ್ಳುವ ತಂದೆತಾಯಿಗಳು ಶಾಲೆಯ ದೋಷಗಳನ್ನು ಎಣಿಸಿದರೆ ಸಾಲದು. ತಮ್ಮ ಮನೆಯಲ್ಲಿ ಏನಿಲ್ಲವೆಂಬುದನ್ನೂ ಎಣಿಸಬೇಕು. ಬೇರೆ ಜಾತಿಯ, ಬೇರೆ ನುಡಿಯ, ಬೇರೆ ಅಂತಸ್ತಿನ ಮಗುವಿನೊಡನೆ ಬುತ್ತಿ ಹಂಚಿಕೊಳ್ಳುವ ಪಾಠ ಯಾವ ಪುಸ್ತಕದಲ್ಲಿಯೂ ಇಲ್ಲ. ಅದಕ್ಕೆ ಬಾಗಿಲು ತೆರೆದ ಮನೆ ಶಾಲೆಯಾಗಬಲ್ಲದು. ಬಾಗಿಲು ಮುಚ್ಚಿದ ಮನೆ, ಗುರು ಎಷ್ಟೇ ದೊಡ್ಡವನಾದರೂ, ಮಿಲ್ಲನ ಇಪ್ಪತ್ತನೆಯ ವರ್ಷವನ್ನು ನೆನಪಿಗೆ ತರುತ್ತದೆ.